ಗೇಟ್ ಮಾತ್ರೆ

ಮುನೀಂದ್ರ ಗ್ಯಾಸ್ ಕಟ್ಟೆಯ ಕೆಳಗೆ ತಲೆ ತೂರಿಸಿ, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿದ್ದ. ಐವತ್ತೆರಡು ವರ್ಷದ ಹೊಟ್ಟೆ ಆ ಇಕ್ಕಟ್ಟಿಗೆ ಒಪ್ಪುತ್ತಿರಲಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈ ಸಿಲಿಂಡರಿನ ಹಿಂದೆ ತಡಕಾಡುತ್ತಿತ್ತು.

"ಏನರೆ ಸಿಕ್ತೇನ್ರಿ ಸಾಹೇಬ್ರ?" ಜಟ್ಟೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಅರವತ್ತು ದಾಟಿದ ಹೆಂಗಸು. ಮೂರು ದಿನದಿಂದ ನಿದ್ದೆ ಮಾಡಿರಲಿಲ್ಲ.

"ಒಂದ್ನಿಮಿಷ ಸುಮ್ನಿರಮ್ಮ."

ಬೆರಳಿಗೆ ರಟ್ಟಿನ ತುಂಡೊಂದು ತಗುಲಿತು. ಎಳೆದು ಬೆಳಕಿಗೆ ಹಿಡಿದ. ಒಣಗಿ ಸುರುಟಿದ ಟೊಮೆಟೊ ಬಿಲ್ಲೆಗಳು, ಅವುಗಳ ಮೇಲೆ ದಪ್ಪಗೆ ಬಳಿದ ಪೇಸ್ಟು. ಮೂಗಿನ ಹತ್ತಿರ ತಂದಾಗ ಬೆಳ್ಳುಳ್ಳಿಯಂಥ ವಾಸನೆ ಗಪ್ಪೆಂದು ಹೊಡೆಯಿತು. ಇಲಿ ಪಾಷಾಣ. ನೋಡಿದರೆ ಇಡೀ ಟ್ಯೂಬನ್ನು ಇಲ್ಲೇ ಹಿಂಡಿದಂತಿತ್ತು, ಇಲಿಗಳು ಕೂಡ ಅದನ್ನು ಮೂಸಿ ನೋಡಿ ಬಿಟ್ಟುಹೋಗಿದ್ದವು.

ಬೈಯಪ್ಪನಹಳ್ಳಿಯ ಈ ಒಂದು ಕೋಣೆಯ ಮನೆಯಿಂದ ಶನಿವಾರ ಜಟ್ಟೆಮ್ಮನ ಸೊಸೆ ಕಾವೇರಿಯನ್ನು ಕಣ್ಣು ಹಳದಿಯಾಗಿ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ಭಾನುವಾರ ಪೊಲೀಸರು ಬಂದು ಪಾಷಾಣದ ಖಾಲಿ ಟ್ಯೂಬನ್ನೂ, ಅದರ ಜೊತೆಗೆ ಅವಳ ಗಂಡ ದತ್ತುವನ್ನೂ ಎತ್ತಿಕೊಂಡು ಹೋಗಿದ್ದರು.

ಮದುವೆಯಾಗಿ ಹದಿನಾಲ್ಕು ತಿಂಗಳು. ಶುಕ್ರವಾರ ಸಂಜೆ ಗಂಡ ಹೆಂಡಿರ ಜಗಳ ಇಡೀ ವಠಾರಕ್ಕೆ ಕೇಳಿಸಿತ್ತು. ಮರುದಿನ ಹೆಂಡತಿಯ ಲಿವರ್ ಕೆಟ್ಟು ಕೂತಿತು. ಒಲೆಯ ಪಕ್ಕ ಖಾಲಿ ಟ್ಯೂಬು. ಪೊಲೀಸರಿಗೆ ಇನ್ನೇನು ಬೇಕು? ಇಪ್ಪತ್ತು ವರ್ಷ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಮುನೀಂದ್ರ ತಾನಿದ್ದರೂ ದತ್ತುವನ್ನೇ ಹಿಡಿಯುತ್ತಿದ್ದ.

ಈಗ ಅವನದು ಶಿವಾಜಿನಗರದಲ್ಲಿ, ಕನ್ನಡಕದ ಅಂಗಡಿಯ ಮೇಲೆ ಒಂದು ಪತ್ತೇದಾರಿ ಆಫೀಸು. ಹೆಸರು ದೊಡ್ಡದು, ಕೆಲಸ ಮಾತ್ರ ಗಂಡು ಕುಡಿಯುತ್ತಾನಾ, ಹೆಣ್ಣಿಗೆ ಹಿಂದೆ ಯಾರಾದರೂ ಇದ್ದರಾ ಎಂದು ವಿಚಾರಿಸಿಕೊಡುವುದು. ಜೀವ ಉಳಿಸುವ ಕೇಸು ಅವನಿಗೆ ಇದೇ ಮೊದಲು. ಜಟ್ಟೆಮ್ಮನನ್ನು ಅವನ ಬಳಿಗೆ ಕಳಿಸಿದ್ದು ಈ ವಠಾರದ ಮಾಲೀಕ ಬೈಲಪ್ಪ, ಮುನೀಂದ್ರನ ಸ್ವಂತ ಸೋದರಮಾವ.

"ಆ ಟ್ಯೂಬು ನಿಮಗೆ ಕೊಟ್ಟಿದ್ದು ಯಾರು?"

"ಓನರಮ್ಮ ಕೊಟ್ಟಾರ್ರಿ. ಎಲ್ಲಾ ಮನಿಗೂ ಒಂದೊಂದು."

ಅದು ಸುಳ್ಳಲ್ಲ. ಬೆಳಿಗ್ಗೆ ಅವನೇ ಹದಿನಾರು ಬಾಗಿಲು ತಟ್ಟಿ ನೋಡಿದ್ದ. ಹದಿನಾರರಲ್ಲೂ ಅದೇ ಟ್ಯೂಬು ಇತ್ತು. ದತ್ತು ಕೊಲೆಗಾರನಾದರೆ ಇಡೀ ವಠಾರವೇ ಕೊಲೆಗಾರರ ವಠಾರ.

ಮುನೀಂದ್ರ ಎದ್ದು ಕೂತು ಧೂಳು ಕೊಡವಿಕೊಂಡ. "ಜ್ವರ ಯಾವತ್ತು ಬಂತು ಅವಳಿಗೆ? ಸರಿಯಾಗಿ ಹೇಳಿ."

"ಹೋದ ಸೋಮವಾರ್ರಿ. ಮೈ ಕೆಂಡಾ ಆಗಿತ್ತು. ಕೆಮ್ಮು, ಕೈಕಾಲು ಸೆಳೆತ. ಶ್ರಾವಣ ಅಲ್ರಿ, ಅಕಿ ಒಪ್ಪತ್ತು ಹಿಡದಿದ್ಲು. ಸಂಜಿಗೆ ದೀಪಾ ಹಚ್ಚಿ ಒಂದಿಷ್ಟು ಉಂಡ್ರ ಉಂಡ್ಲು. ಜ್ವರಾ ಬಂದಮ್ಯಾಲ ಅದೂ ಒಳಗ ನಿಲ್ಲಲಿಲ್ಲ. ಕೆಲಸಕ್ಕ ಹೋಗಬ್ಯಾಡ ಅಂದ ನನ್ನ ಮಗಾ. ಅದಕ್ಕ ಜಗಳಾ. ಸಾಯಾಕ ಹೊಂಟೀಯೇನ ಅಂತ ಒದರಿದ. ಮಂದಿಗಿ ಅಷ್ಟೇ ಕೇಳ್ಯದ."

"ಅಷ್ಟು ಜ್ವರದಲ್ಲಿ ಕೆಲಸಕ್ಕೆ ಯಾಕೆ ಹೋದ್ಲು?"

"ಈ ತಿಂಗಳು ಒಂದು ರಜಾ ಇಲ್ಲದಂಗ ಹೋದ್ರ ಪರ್ಮನೆಂಟ್ ಮಾಡ್ತಾರಂತ್ರಿ. ಇನ್ನ ಎಂಟು ದಿನಾ ಅದ ಅತ್ತಿ, ಎಂಟೇ ದಿನಾ ಅಂತಿದ್ಲು." ಜಟ್ಟೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗೂಟಕ್ಕೆ ಕಾವೇರಿಯ ಊಟದ ಚೀಲ ನೇತುಹಾಕಿತ್ತು. ಪೊಲೀಸರು ಅದನ್ನು ಮುಟ್ಟಿರಲಿಲ್ಲ; ವಿಷ ಸಿಕ್ಕ ಮೇಲೆ ಊಟದ ಚೀಲ ಯಾರಿಗೆ ಬೇಕು? ಮುನೀಂದ್ರ ಅದನ್ನು ಚಾಪೆಯ ಮೇಲೆ ಬೋರಲು ಹಾಕಿದ. ಡಬ್ಬಿ, ಚಮಚ, ಕೂದಲಿನ ಕ್ಲಿಪ್ಪು, ಕೊನೆಗೆ ಬುಡದಿಂದ ಸಣ್ಣ ಸಣ್ಣ ಬೆಳ್ಳಿಬಣ್ಣದ ಚೂರುಗಳು ಉದುರಿದವು.

ಮಾತ್ರೆ ಪಟ್ಟಿಯಿಂದ ಕತ್ತರಿಸಿದ ತುಂಡುಗಳು. ಪ್ರತಿಯೊಂದರಲ್ಲೂ ಎರಡೇ ಎರಡು ಗುಳಿ, ಎರಡೂ ಖಾಲಿ. ಎಣಿಸಿದ, ಹತ್ತು ತುಂಡು. ಕತ್ತರಿ ಆಡಿಸಿದವರು ಜಾಣರು. ಔಷಧಿಯ ಹೆಸರಿರುವ ಭಾಗ ಒಂದರಲ್ಲೂ ಇರಲಿಲ್ಲ.

"ಇದೇನಮ್ಮ?"

"ಅವು ಗೇಟ್ ಗುಳಿಗಿ ರಿ."

"ಏನಂದ್ರಿ?"

"ಗೇಟ್ ಗುಳಿಗಿ ಅಂತಿದ್ಲು ಅಕಿ. ಏನಂತ ನಾ ಕೇಳಲಿಲ್ಲ ನನ್ನಪ್ಪಾ. ಕೇಳಬೇಕಾಗಿತ್ತು."

ಮುನೀಂದ್ರ ಹತ್ತೂ ತುಂಡುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡ. ಗಂಟೆ ಹನ್ನೆರಡೂವರೆ.

ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ಅವನ ಫೋನು ಹೊಡೆದುಕೊಂಡಿತು. ಡಾಕ್ಟರ್ ಸುಮೈರಾ. ಇಂದಿರಾನಗರದ ಕಡೆಯ ಆಸ್ಪತ್ರೆಯಲ್ಲಿ ಕಾವೇರಿಯನ್ನು ನೋಡಿಕೊಳ್ಳುತ್ತಿದ್ದ ಲಿವರ್ ತಜ್ಞೆ. ಎಲ್ಲರೂ ಪಾಷಾಣ ಪಾಷಾಣ ಎನ್ನುವಾಗ, ಇವಳಿಗೆ ಇಷ್ಟು ಕೆಮ್ಮು ಯಾಕಿದೆ ಎಂದು ಕೇಳಿದವರು ಇವರೊಬ್ಬರೇ.

"ಮುನೀಂದ್ರ ಅವ್ರೇ, ಗಂಟಲ ಸ್ಯಾಂಪಲ್ ರಿಪೋರ್ಟ್ ಬಂತು. ಇನ್‌ಫ್ಲುಯೆಂಜಾ ಎ, ಪಾಸಿಟಿವ್."

"ಅಂದ್ರೆ ಫ್ಲೂ. ಅದು ಮೂಗು, ಗಂಟಲು, ಶ್ವಾಸಕೋಶದ ಕಾಯಿಲೆ ಅಲ್ವಾ ಡಾಕ್ಟ್ರೇ? ಲಿವರ್‌ಗೂ ಅದಕ್ಕೂ ಏನು ಸಂಬಂಧ?"

"ಎಲ್ರೂ ಹಾಗೇ ತಿಳ್ಕೊಂಡಿದ್ದಾರೆ. ವೈರಸ್ ಇರೋದೇನೋ ಶ್ವಾಸಕೋಶದಲ್ಲೇ. ಆದ್ರೆ ಅದರ ಜೊತೆ ಹೊಡೆದಾಡೋಕೆ ನಮ್ಮ ಮೈ ತಯಾರು ಮಾಡುತ್ತಲ್ಲ ಜೀವಕಣಗಳು, ಅವು ರಕ್ತದಲ್ಲಿ ಸುತ್ತಾಡ್ತಾ ಲಿವರ್‌ನಲ್ಲಿ ಬಂದು ಸೇರ್ಕೊಳ್ತವೆ, ಅಲ್ಲಿ ಉರಿಯೂತ ಎಬ್ಬಿಸ್ತವೆ. ಜಗಳ ಪಕ್ಕದ ಬೀದೀಲಿ, ಕಲ್ಲು ಬೀಳೋದು ನಮ್ಮನೆ ಕಿಟಕಿಗೆ. ಹಾಗೆ."

"ಅಷ್ಟಕ್ಕೇ ಲಿವರ್ ಹೋಗ್ಬಿಡುತ್ತಾ?"

"ಇಲ್ಲ ಇಲ್ಲ. ಹಾಗಾಗೋರಲ್ಲೂ ಬ್ಲಡ್ ಟೆಸ್ಟ್‌ನಲ್ಲಿ ಒಂಚೂರು ಏರುತ್ತೆ, ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತೆ. ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಇವಳದು ಸಾವಿರಗಟ್ಟಲೆ ಏರಿದೆ. ಇಪ್ಪತ್ನಾಲ್ಕು ವರ್ಷದವಳಿಗೆ ಬರೀ ಫ್ಲೂ ಇಷ್ಟು ಮಾಡೋದು ತೀರಾ ಅಪರೂಪ. ಅದರ ಮೇಲೆ ಇನ್ನೇನೋ ಬಿದ್ದಿದೆ. ಒಂದೋ ಆ ಪಾಷಾಣ, ಇಲ್ಲಾ ಮಾತ್ರೆ."

ಮುನೀಂದ್ರನ ಕೈ ಜೇಬಿನ ಕರ್ಚೀಫನ್ನು ಮುಟ್ಟಿತು. "ಜ್ವರದ ಮಾತ್ರೇನಾ?"

"ಪ್ಯಾರಾಸಿಟಮಾಲ್. ಅಳತೇಲಿದ್ರೆ ಒಳ್ಳೇ ಔಷಧಿ, ನಾನೇ ದಿನಾ ಬರ್ಕೊಡ್ತೀನಿ. ಆದ್ರೆ ಆರುನೂರೈವತ್ತರದು ದಿನಕ್ಕೆ ಆರು ದಾಟಬಾರದು. ದಾಟಿ, ಅದೂ ಹೊಟ್ಟೇಲಿ ಅನ್ನ ಇಲ್ದೆ, ದಿನಗಟ್ಟಲೆ, ಮೊದಲೇ ಏಟು ತಿಂದಿರೋ ಲಿವರ್ ಮೇಲೆ ಬಿದ್ರೆ..."

"ರಕ್ತದಲ್ಲಿ ಕಾಣಲ್ವಾ?"

"ನಿನ್ನೆ ನೋಡ್ದೆ, ಸೊನ್ನೆ. ಕೊನೇ ಮಾತ್ರೆ ನುಂಗಿ ಎರಡು ದಿನ ಆದ್ರೆ ರಕ್ತದಲ್ಲಿ ಉಳಿಯಲ್ಲ. ಅದಕ್ಕೇ ನಿಮ್ಮನ್ನ ಕಾಡ್ತಿರೋದು. ಯಾವ್ದು, ದಿನಕ್ಕೆ ಎಷ್ಟು, ಎಷ್ಟು ದಿನ. ಕೊಟ್ಟವರ ಬಾಯಿಂದ ಬೇಕು, ಬರವಣಿಗೇಲಿ ಬೇಕು. ಐದು ಗಂಟೆಗೆ ಲಿವರ್ ಕಸಿಗೆ ಒಪ್ಪಿಗೆ ಕೊಡೋ ಕಮಿಟಿ ಕೂರುತ್ತೆ."

"ಐದಕ್ಕೆ ಸಿಗದಿದ್ರೆ?"

"ಪ್ರತಿಮದ್ದು ಆಗ್ಲೇ ಹಾಕ್ತಿದ್ದೀವಿ. ಮಾತ್ರೆಯಿಂದ ಆಗಿದ್ದಾದ್ರೆ ಅವಳ ಲಿವರ್ ತಾನೇ ಚೇತರಿಸ್ಕೊಳ್ಳೋ ಆಸೆ ಇದೆ. ಚೇತರಿಸ್ಕೊಳ್ಳದಿದ್ರೆ ಗಂಡನ ಲಿವರ್‌ನಲ್ಲಿ ಒಂದು ಭಾಗ ತೆಗೆದು ಹಾಕ್ಬೇಕು. ಅವನೇ ವಿಷ ಹಾಕಿದವನು ಅಂತ ಕಾಗದದಲ್ಲಿದ್ರೆ ಅವನ ಲಿವರ್ ತಗೊಳ್ಳೋಕೆ ಕಮಿಟಿ ಒಪ್ಪಲ್ಲ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಬೇರೆ ದಾರಿಗಳನ್ನೆಲ್ಲ ಮುನೀಂದ್ರ ಬೆಳಿಗ್ಗೆಯೇ ಕೇಳಿ ಮುಗಿಸಿದ್ದ. ಕಾವೇರಿಯದು ಓ ಗುಂಪಿನ ರಕ್ತ. ಅಣ್ಣ ಮುತ್ತಣ್ಣ ಯಾದಗಿರಿಯಿಂದ ರೈಲು ಹತ್ತಿದ್ದ, ಆದರೆ ಅವನದು ಬಿ. ತಂದೆತಾಯಿ ಇಲ್ಲ. ಜಟ್ಟೆಮ್ಮ ತನ್ನದನ್ನೇ ಕೊಯ್ದುಕೊಳ್ಳಿ ಎಂದು ನರ್ಸುಗಳ ಕಾಲಿಗೆ ಬಿದ್ದಿದ್ದಳು. ವಯಸ್ಸಾಯಿತು ಎಂದು ಎಬ್ಬಿಸಿ ಕಳಿಸಿದ್ದರು. ಉಳಿದವನು ಓ ಗುಂಪಿನ ದತ್ತು ಒಬ್ಬನೇ, ಅವನು ಪೊಲೀಸ್ ಸ್ಟೇಷನ್ನಿನಲ್ಲಿ ಕೂತಿದ್ದ.

ಮುನೀಂದ್ರ ಕಾವೇರಿ ಕೆಲಸ ಮಾಡುವ ಕಡೆಗೆ ಹೋಗುವ ರೈಲು ಹತ್ತಿದ. ಅವನಿಗೆ ಭಯವಾಗಿತ್ತು. ಮದುವೆ ಕೇಸಿನಲ್ಲಿ ತಪ್ಪಾದರೆ ಒಂದು ಸಂಬಂಧ ಮುರಿಯುತ್ತದೆ, ಬೈಗುಳ ತಿಂದು ಸುಮ್ಮನಾಗಬಹುದು. ಇಲ್ಲಿ ಹಾಗಿರಲಿಲ್ಲ.

ಗರುಡಾಚಾರ್‌ಪಾಳ್ಯದ ಪ್ಯಾಕಿಂಗ್ ಯೂನಿಟ್ಟಿನ ಎದುರು, ತಗಡಿನ ಚಪ್ಪರದ ಟೀ ಅಂಗಡಿಯಲ್ಲಿ ಹೆಂಗಸರು ಡಬ್ಬಿ ಬಿಚ್ಚಿ ಕೂತಿದ್ದರು. ಕಾವೇರಿಯ ಜೊತೆಗಾತಿ ಎಂದು ಜಟ್ಟೆಮ್ಮ ಹೆಸರು ಹೇಳಿದ್ದ ರಾಜೇಶ್ವರಿ ಯಾರೆಂದು ಕೇಳಬೇಕಾಗಲಿಲ್ಲ. ಪಕ್ಕದ ಜಾಗ ಖಾಲಿ ಬಿಟ್ಟುಕೊಂಡು ಕೂತವಳು ಅವಳೊಬ್ಬಳೇ. ದಿನಾ ಅಲ್ಲಿ ಕಾವೇರಿ ಕೂರುತ್ತಿದ್ದಳು.

ಮುನೀಂದ್ರ ಕರ್ಚೀಫು ಬಿಚ್ಚಿ ಬೆಂಚಿನ ಮೇಲಿಟ್ಟ. "ಗೇಟ್ ಮಾತ್ರೆ ಅಂದ್ರೆ ಏನಮ್ಮ?"

ಅಗಿಯುತ್ತಿದ್ದ ರೊಟ್ಟಿ ಅವಳ ಬಾಯಲ್ಲೇ ನಿಂತಿತು.

"ನಂಗೊತ್ತಿಲ್ರಿ."

"ಕಾವೇರಿ ಸಾಯ್ತಾ ಇದಾಳೆ. ಇವತ್ತು ಐದು ಗಂಟೆ ಒಳಗೆ ಗೊತ್ತಾಗ್ಲಿಲ್ಲ ಅಂದ್ರೆ ಡಾಕ್ಟ್ರು ಕೈಚೆಲ್ಲಿ ಕೂರ್ತಾರೆ. ನಿನ್ನ ಹೆಸರು ನಾನು ಎಲ್ಲೂ ಎತ್ತಲ್ಲ."

ರಾಜೇಶ್ವರಿ ಗೇಟಿನ ಕಡೆ ನೋಡಿದಳು. ಸೆಕ್ಯುರಿಟಿಯವನು ಕುರ್ಚಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಹಣೆಗೆ ಹಿಡಿಯುವ ಬಿಳಿ ಜ್ವರದ ಗನ್ನು.

"ಅದ ನೋಡ್ರಿ ಅದು," ಎಂದಳು ಮೆತ್ತಗೆ. "ಕೊರೊನಾ ಟೈಮಿನಾಗ ತಂದಿದ್ರು, ಇನ್ನೂ ಬಿಟ್ಟಿಲ್ಲ. ಕೆಂಪು ತೋರಿಸ್ತಂದ್ರ ವಾಪಸ್ ಮನಿಗೆ. ಅವತ್ತು ಆಬ್ಸೆಂಟು. ಮೂರು ಸಲ ವಾಪಸ್ ಹೋದ್ರ ಹೆಸರೇ ತಗೀತಾರ. ಅದಕ್ಕ ಜ್ವರಾ ಬಂದವರು ಮುಕ್ಕಾಲು ತಾಸು ಮೊದಲ ಎರಡು ಗುಳಿಗಿ ತಗೋತೀವಿ. ಟೆಂಪೋದಾಗ ಕುಂತಿರ್ತೀವಿ. ಬೆವರು ಬರ್ತದ, ಮೈ ತಣ್ಣಗ ಆಗ್ತದ, ಆಮ್ಯಾಲ ಗೇಟು ದಾಟ್ತೀವಿ."

"ಬೆಳಿಗ್ಗೆ ಎರಡು."

"ಊಟಾ ಮಾಡಿ ಒಳಗ ಹೋಗುವಾಗ ಮತ್ತ ಗನ್ ಹಿಡೀತಾರ. ಆವಾಗ ಎರಡು."

ಹತ್ತು ತುಂಡು, ಐದು ದಿನ. ಲೆಕ್ಕ ಸರಿಯಾಗಿತ್ತು. ದಿನಕ್ಕೆ ನಾಲ್ಕು, ಇನ್ನೂ ಅಳತೆಯ ಒಳಗೇ. ಮುನೀಂದ್ರ ತುಂಡುಗಳನ್ನು ಮತ್ತೊಮ್ಮೆ ಎಣಿಸಿದ.

"ಇಷ್ಟೇನಾ? ಬೇರೆ ಏನೂ ತಗೊಳ್ಳಿಲ್ವಾ?"

"ಗೇಟಿಂದು ಇಷ್ಟೇ."

"ಗೇಟಿಂದಲ್ಲದ್ದು?"

"ನೆಗಡೀದು ಬ್ಯಾರೆ. ಫಸ್ಟ್ ಏಡ್ ಡಬ್ಬಿಯಾಗ ಹಳದಿ ಗುಳಿಗಿ ಇರ್ತಾವ, ಮುಂಜಾನಿ ಒಂದು, ಸಂಜಿಗೆ ಒಂದು. ಮೈನೋವಿಂದು ಬ್ಯಾರೆ. ಸಂಜಿಗೆ ಮೆಡಿಕಲ್‌ನ್ಯಾಗ ಸೆಟ್ ಕಟ್ಟಿಕೊಡ್ತಾರ ಕಾಗದದಾಗ, ಅದರಾಗ ಬಿಳೇವು ಎರಡು ದೊಡ್ಡವು. ಅವು ಮಲಗುವಾಗ. ದಿನಾ ನಾನೇ ಅಕಿ ಕೂಡ ಹೋಗಿ ಇಸ್ಕೊಂಡು ಬಂದೀನಿ."

ಅವಳ ಚೀಲದಲ್ಲೂ ಅಂಥದೇ ಒಂದು ಕಾಗದದ ಕಟ್ಟು ಇತ್ತು, ಮತ್ತೆ ಡಬ್ಬಿಯಿಂದ ತಂದ ಹಳದಿ ಮಾತ್ರೆಯ ಪಟ್ಟಿಯೂ ಇತ್ತು. ಮುನೀಂದ್ರ ಕನ್ನಡಕ ಹಣೆಗೇರಿಸಿ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿದ. ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್. ಕಟ್ಟಿನ ಬಿಳಿ ಮಾತ್ರೆಯ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದ. ಒಂದೇ ನಿಮಿಷಕ್ಕೆ ಉತ್ತರ ಬಂತು: ಇದೂ ಅದೇ.

"ಎಲ್ಲಾ ಒಂದೇ ಮಾತ್ರೆ ಕಣಮ್ಮ."

"ಹ್ಯಾಂಗ್ರಿ?" ರಾಜೇಶ್ವರಿ ಅವನನ್ನೇ ದಿಟ್ಟಿಸಿದಳು. "ಇದು ಗೇಟಿಂದು, ಅದು ನೆಗಡೀದು, ಇದು ಮೈನೋವಿಂದು. ಬಣ್ಣಾನ ಬ್ಯಾರೆ ಬ್ಯಾರೆ ಅದಾವಲ್ರಿ."

ಎರಡು, ಎರಡು, ಎರಡು, ಎರಡು. ದಿನಕ್ಕೆ ಎಂಟು, ಐದು ದಿನಕ್ಕೆ ನಲವತ್ತು. ಒಪ್ಪತ್ತು ಹಿಡಿದ ಖಾಲಿ ಹೊಟ್ಟೆಯ ಮೇಲೆ, ಫ್ಲೂ ಹೊಡೆದ ಲಿವರಿನ ಮೇಲೆ. ಮುನೀಂದ್ರ ಡೈರಿಯಲ್ಲಿ ಬರೆದುಕೊಂಡ.

"ಗೇಟಿನ ಮಾತ್ರೆ ನಿಮಗೆ ಯಾರು ಕೊಡೋದು?"

"ಟೆಂಪೋದಾಗ ಕೊಡ್ತಾರ್ರಿ. ಕತ್ತರಿಯಿಂದ ಎರಡೆರಡೇ ಕತ್ತರಿಸಿ. ಖಾಲಿ ತುಂಡು ಯೂನಿಟ್ಟಿನಾಗ ಒಗೀಬ್ಯಾಡ್ರಿ, ಮನಿಗೆ ಒಯ್ರಿ ಅಂತಾರ."

"ಕೊಡೋದು ಯಾರು ಅಂದೆ."

"ನಮ್ಮ ಓನರ್ರೇ. ಬೈಲಪ್ಪನವ್ರು. ಕೆಲಸಕ್ಕ ಮಂದೀನ ಹಚ್ಚವ್ರು ಅವ್ರೇ ಅಲ್ರಿ."

ಮುನೀಂದ್ರನ ಪೆನ್ನು ಅಲ್ಲೇ ನಿಂತಿತು.

ಅಪ್ಪ ಸತ್ತಾಗ ಮುನೀಂದ್ರನಿಗೆ ಐದು ವರ್ಷ. ಕೆ.ಆರ್. ಪುರದಲ್ಲಿ ಆಗಿನ್ನೂ ರಾಗಿ ಹೊಲಗಳಿದ್ದವು. ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಸೇರಿಸಿದವನು, ಪೊಲೀಸ್ ಪರೀಕ್ಷೆಗೆ ಓದಿಸಿದವನು ಈ ಮಾವ. ಹೊಲ ಹೋಗಿ ವಠಾರಗಳಾದವು, ಎತ್ತಿನ ಗಾಡಿ ಹೋಗಿ ಟೆಂಪೋ ಬಂತು, ಮಾವ ಮಾತ್ರ ಮಾವನೇ. ದಾರಿಯಲ್ಲಿ ಸ್ಟೇಷನ್ನಿನ ಹಳೇ ಗೆಳೆಯನಿಗೆ ಫೋನು ಮಾಡಿ ಮುನೀಂದ್ರ ಒಂದೇ ಪ್ರಶ್ನೆ ಕೇಳಿದ. ಉತ್ತರ ಕೇಳಿಸಿಕೊಂಡು ನೇರವಾಗಿ ಕೆ.ಆರ್. ಪುರದ ಮಾವನ ಮನೆಗೆ ಹೋದ.

ಬೈಲಪ್ಪ ಹಾಲ್‌ನಲ್ಲಿ ಟಿವಿ ಮುಂದೆ ಕೂತಿದ್ದ. ಟಿವಿಯಲ್ಲಿ ಸೀರಿಯಲ್ ಇರಲಿಲ್ಲ, ಅವನ ನಾಲ್ಕು ವಠಾರಗಳ ಕ್ಯಾಮೆರಾ ಚಿತ್ರಗಳಿದ್ದವು.

"ಬಾರೋ ಅಳಿಯಾ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಹದಿನಾರು ಬಾಗ್ಲೂ ತಟ್ಟಿಬಿಟ್ಯಲ್ಲ. ಏನ್ ಸಿಕ್ತು?"

"ಟೆಂಪೋದಲ್ಲಿರೋ ಮಾತ್ರೆ ಡಬ್ಬ ಬೇಕು ಮಾವ."

ಬೈಲಪ್ಪ ರಿಮೋಟು ಕೆಳಗಿಟ್ಟ. "ಯಾವ ಡಬ್ಬ?"

"ಕತ್ತರಿ ಇಟ್ಕೊಂಡಿರ್ತೀರಲ್ಲ, ಆ ಡಬ್ಬ."

"ಓ, ಅದಾ. ಜ್ವರದ ಮಾತ್ರೆ ಕಣಪ್ಪ. ಅದೇನು ವಿಷಾನಾ? ನಾನೂ ತಗೋತೀನಿ, ನಿಮ್ಮತ್ತೇನೂ ತಗೋತಾಳೆ. ಗೇಟಲ್ಲಿ ವಾಪಸ್ ಕಳಿಸಿಬಿಟ್ರೆ ಅಳ್ತಾ ಬಂದು ನನ್ ಕಾಲು ಹಿಡ್ಕೊಳ್ಳೋರು ಅವರೇ. ಏನಾದ್ರೂ ಮಾಡಿ ಅಣ್ಣಾ, ಕೆಲಸ ಹೋಗುತ್ತೆ ಅಂತಾರೆ. ಉಪಕಾರ ಮಾಡಿದೋನು ನಾನು."

"ಉಪಕಾರ ಮಾಡಿದೋರು ಹೆಸರು ಕಾಣದಂಗೆ ಯಾಕೆ ಕತ್ತರಿಸಿದ್ರಿ?"

ಬೈಲಪ್ಪ ರಿಮೋಟು ಎತ್ತಿ ಟಿವಿಯ ಚಿತ್ರ ಬದಲಿಸಿದ.

"ಶನಿವಾರ ಸ್ಟೇಷನ್‌ಗೆ ಫೋನ್ ಮಾಡಿ, ಗಂಡ ಹೆಂಡ್ತಿ ಜಗಳ ಆಡಿದ್ರು, ಮನೇಲಿ ಇಲಿ ಪಾಷಾಣ ಇದೆ, ನೋಡಿ ಅಂದಿದ್ದು ಯಾರು ಮಾವ?"

"ಯಾರು?"

"ನಿಮ್ಮ ನಂಬರಿಂದ ಹೋಗಿದೆ."

ಬೈಲಪ್ಪ ಟಿವಿ ಆರಿಸಿದ.

"ಹೆದರ್ಕೊಂಡ್ಬಿಟ್ಟೆ ಕಣೋ. ಆಸ್ಪತ್ರೆಗೆ ಸೇರಿಸೋಕೆ ನಾನೇ ಹೋಗಿದ್ದೆ. ಏನೇನು ಮಾತ್ರೆ ತಗೊಂಡ್ಲು ಅಂತ ಕೇಳೋಕೆ ಶುರು ಮಾಡಿದ್ರು. ಟ್ಯೂಬು ನೆನಪಾಯ್ತು. ಒಂದೆರಡು ದಿನ ವಿಚಾರಿಸಿ ಬಿಡ್ತಾರೆ ಅಂದ್ಕೊಂಡೆ, ಒಳಗೆ ಹಾಕ್ತಾರೆ ಅಂತ ನಂಗೇನ್ ಗೊತ್ತು?"

"ಮತ್ತೆ ಆ ಮುದುಕೀನ ನನ್ನ ಹತ್ರ ಯಾಕೆ ಕಳಿಸಿದ್ರಿ?"

"ಅವಳು ಬಾಗ್ಲಲ್ಲಿ ಕೂತು ಅಳೋದು ನೋಡೋಕಾಗ್ಲಿಲ್ಲ. ನೀನು ಮದ್ವೆ ವಿಚಾರಿಸೋನು. ನಾಲ್ಕು ದಿನ ಓಡಾಡ್ತೀಯ, ಸುಮ್ನಾಗ್ತೀಯ ಅಂದ್ಕೊಂಡೆ. ಮಾವನ ಮನೆ ಬಾಗ್ಲಿಗೆ ಬರ್ತೀಯ ಅಂದ್ಕೊಳ್ಳಿಲ್ಲ."

ಮುನೀಂದ್ರನಿಗೆ ಕೋಪಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ತನ್ನನ್ನು ಬೆಳೆಸಿದವನು ತನ್ನ ಕೈಲಾಗದತನವನ್ನೇ ನಂಬಿಕೊಂಡಿದ್ದ. ಡೈರಿಯಿಂದ ಒಂದು ಹಾಳೆ ಹರಿದು ಮಾವನ ಮುಂದಿಟ್ಟ.

"ಬರೆದು ಕೊಡಿ," ಎಂದ. "ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ದಿನ. ಸಹಿ ಹಾಕಿ."

"ಬರೆದ್ರೆ ನಾನು ಜೈಲಿಗೆ."

"ಬರೀದಿದ್ರೆ ಅವಳು ಸುಡುಗಾಡಿಗೆ."

"ಮುನೀಂದ್ರಾ, ನಿನ್ನ ಎತ್ತಿ ಆಡಿಸಿದೋನು ಕಣೋ ನಾನು."

"ಗೊತ್ತು ಮಾವ. ಅದಕ್ಕೇ ಇನ್ನೂ ಕೂತು ಕೇಳ್ತಾ ಇದೀನಿ."

ಅಡುಗೆಮನೆಯ ಬಾಗಿಲಿನಿಂದ ಅತ್ತೆ ರಾಮಲಕ್ಷ್ಮಮ್ಮ ಬಂದಳು. ಅವಳ ಕೈಯಲ್ಲಿ ಕಾಫಿ ಇರಲಿಲ್ಲ, ಹಳೇ ಬಿಸ್ಕತ್ತಿನ ಡಬ್ಬವಿತ್ತು. ಅದನ್ನು ಗಂಡನ ಮುಂದೆ ಟೀಪಾಯಿ ಮೇಲೆ ಇಟ್ಟು ಮುಚ್ಚಳ ತೆಗೆದಳು. ಮಾತ್ರೆ ಪಟ್ಟಿಗಳು, ಅರ್ಧ ಕತ್ತರಿಸಿದವು, ಮೇಲೆ ಒಂದು ಕತ್ತರಿ.

"ಹದಿನಾರು ಮನೆಗೂ ಟ್ಯೂಬು ತಂದು ಹಂಚಿದೋಳು ನಾನು," ಎಂದಳು. "ಅದನ್ನ ಆ ಹುಡುಗನ ತಲೆಗೆ ಕಟ್ತೀರೇನ್ರೀ? ಶುಕ್ರವಾರ ಬೆಳಿಗ್ಗೆ ಆ ಹೆಣ್ಣುಮಗು ವಠಾರದ ಬಾಗ್ಲಲ್ಲಿ ನಡುಗ್ತಾ ನಿಂತಿತ್ತು. ಮನೆಗೆ ಹೋಗಿ ಮಲಕ್ಕೋ ಅನ್ನೋ ಬದ್ಲು ಎರಡು ಮಾತ್ರೆ ಕೊಟ್ಟು ಟೆಂಪೋ ಹತ್ತಿಸಿದ್ರಿ. ನಾನೂ ಈ ಟಿವೀಲಿ ನೋಡ್ತಾ ನಿಂತಿದ್ದೆ. ಬರೀರಿ ಸುಮ್ನೆ."

ಬೈಲಪ್ಪ ಹೆಂಡತಿಯ ಮುಖ ನೋಡಿದ, ಅಳಿಯನ ಮುಖ ನೋಡಿದ. ಎರಡು ಕಡೆಯೂ ದಾರಿ ಕಾಣಲಿಲ್ಲ. ಪೆನ್ನು ತೆಗೆದುಕೊಂಡ.

ಬರೆದು ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಮುನೀಂದ್ರ ಆ ಕಾಗದದ್ದೂ ತನ್ನ ಡೈರಿಯ ಲೆಕ್ಕದ್ದೂ ಫೋಟೋ ತೆಗೆದು ಡಾಕ್ಟರಿಗೂ ಇನ್‌ಸ್ಪೆಕ್ಟರಿಗೂ ಕಳಿಸಿ, ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದ. ಆಟೋ ತಿರುವು ದಾಟುವ ಮೊದಲೇ ಸುಮೈರಾ ಫೋನು ಮಾಡಿದರು.

"ಸಿಕ್ತು. ನಲವತ್ತು ಮಾತ್ರೆ. ಇಷ್ಟು ಸಾಕು ನನಗೆ, ಇದು ಪಾಷಾಣ ಅಲ್ಲ ಅಂತ ಕಮಿಟಿ ಮುಂದೆ ನಾನು ಹೇಳ್ತೀನಿ. ಆದ್ರೆ ಮೂರು ಗಂಟೆ ರಿಪೋರ್ಟ್ ಚೆನ್ನಾಗಿಲ್ಲ ಮುನೀಂದ್ರ ಅವ್ರೇ. ರಕ್ತ ಹೆಪ್ಪುಗಟ್ತಾ ಇಲ್ಲ. ಹೆಸರು ಹಿಡಿದು ಕರೆದ್ರೂ ಕಣ್ಣು ಬಿಡ್ತಿಲ್ಲ. ತಾನಾಗೇ ಚೇತರಿಸ್ಕೊಳ್ಳುತ್ತೆ ಅಂತ ಕಾಯೋ ಟೈಮ್ ಮುಗೀತು. ಗಂಡನ್ನ ಕರ್ಕೊಂಡು ಬನ್ನಿ. ಐದರೊಳಗೆ ಅವನು ಇಲ್ಲಿ, ನನ್ನ ಎದುರಿಗೆ ಇರ್ಬೇಕು."

"ಕರ್ಕೊಂಡ್ ಬರ್ತೀನಿ ಡಾಕ್ಟ್ರೇ." ಹೇಳುವಾಗ ಅವನಿಗೆ ಧೈರ್ಯವಿತ್ತು. ಟ್ಯೂಬಿನ ಕಥೆ ಬಿದ್ದುಹೋಗಿತ್ತು, ಕಾಗದ ಕೈಯಲ್ಲಿತ್ತು. ದತ್ತುವನ್ನು ಇನ್ನು ಯಾವ ಮುಖ ಇಟ್ಟುಕೊಂಡು ಕೂರಿಸಿಕೊಳ್ಳುತ್ತಾರೆ?

ಟಿನ್ ಫ್ಯಾಕ್ಟರಿ ಹತ್ತಿರ ಆಟೋ ನಿಂತಿತು. ಮುಂದೆ ಬಸ್ಸು, ಹಿಂದೆ ಬಸ್ಸು. ನಾಲ್ಕು ಇಪ್ಪತ್ತೆಂಟು. ಇಳಿದು ಓಡೋಣವೇ ಎಂದು ಯೋಚಿಸುತ್ತಿರುವಾಗಲೇ ಜಟ್ಟೆಮ್ಮನ ಫೋನು ಬಂತು.

"ಸಾಹೇಬ್ರ, ನಾ ಸ್ಟೇಷನ್ ಮುಂದ ಅದೀನ್ರಿ. ದತ್ತೂನ ಮಾರಿ ತೋರಿಸಿದ್ರು." ಅವಳ ದನಿಯಲ್ಲಿ ಮೂರು ದಿನದಿಂದ ಇಲ್ಲದ ಒಂದು ಆಸೆ ಇತ್ತು. "ಅಂವ ಸಹಿ ಮಾಡ್ಯಾನ್ರಿ."

"ಸಹಿನಾ? ಯಾವುದಕ್ಕೆ?"

"ಪಾಷಾಣ ನಾನೇ ಹಾಕೀನಿ ಅಂತ."

ಮುನೀಂದ್ರ ಆಟೋದಲ್ಲೇ ಅರ್ಧ ಎದ್ದ. "ಅವನು ಹಾಕಿಲ್ಲಮ್ಮ! ಪಾಷಾಣ ಅಲ್ಲವೇ ಅಲ್ಲ ಅದು!"

"ಹಾಕಿಲ್ಲ ಖರೇ ರಿ. ನನ್ನ ಮಗಾ ನನಗ ಗೊತ್ತಿಲ್ಲೇನು? ಎಲ್ಡು ದಿನ ಇಲ್ಲ ಇಲ್ಲ ಅಂದಾನ. ಏನ್ ಹಾಕೀದಿ ಅಂತ ಹೇಳು, ಹೇಳಿದ್ರ ಡಾಕ್ಟ್ರಿಗಿ ತಿಳೀತದ, ಅದಕ್ಕ ತಕ್ಕ ಔಷಧಿ ಕೊಡ್ತಾರ, ನಿನ್ನ ಹೆಂಡ್ತಿ ಉಳೀತಾಳ, ಹೇಳಲಿಲ್ಲಂದ್ರ ನಿನ್ನ ಕೈಯಾರೆ ಸಾಯ್ತಾಳ ಅಂದ್ರಂತ. ನಾ ಹಾಕಿಲ್ಲಂದ್ರ ಅಕಿ ಸಾಯ್ತಾಳವ್ವಾ, ಹಾಕೀನಂದ್ರ ಉಳೀತಾಳ, ಅದಕ್ಕ ಹೂಂ ಅಂದೀನಿ ಅಂತ ಅಳಾಕತ್ತಾನ್ರಿ."

"ಆ ಕಾಗದ ಎಲ್ಲಿದೆ? ಜಟ್ಟೆಮ್ಮಾ, ಆ ಕಾಗದ ಯಾರ ಹತ್ರ ಇದೆ?"

"ಆಗಳೇ ಆಸ್ಪತ್ರಿ ಕಮಿಟಿಗೆ ಕಳಿಸ್ಯಾರ್ರಿ. ಜಲ್ದಿ ಮುಟ್ಟಲಿ ಅಂತ ನಾನೇ ಕೈ ಮುಗಿದು ಕೇಳ್ಕೊಂಡೆ."

ಹಿಂದಿನ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು. ಆ ಕಾಗದವಿದ್ದರೆ ದತ್ತುವಿನ ಲಿವರ್ ತೆಗೆದುಕೊಳ್ಳಲು ಕಮಿಟಿ ಒಪ್ಪುವುದಿಲ್ಲ ಎನ್ನಲು ಮುನೀಂದ್ರ ಬಾಯಿ ತೆರೆದ, ಆದರೆ ಅವಳು ಬಿಡಲಿಲ್ಲ.

"ಮುಟ್ಟೇತೇನ್ರಿ ಸಾಹೇಬ್ರ? ಔಷಧಿ ಶುರು ಮಾಡಿದ್ರೇನ್ರಿ? ಈಗರೆ ಕಣ್ಣು ತಗದಾಳೇನ್ರಿ ನನ್ನ ಸೊಸಿ?"